ಎರಡನೆಯ ತೋಪು

ಮೇ 2, 1957, ಗುರುವಾರ

ಗಾಳಿ ಪಶ್ಚಿಮದಿಂದ, ಮಂದ. ವಾಯುಭಾರ ಸ್ಥಿರ.

ರೆಜಿಮೆಂಟಿನ ಪತ್ರಿಕೆಯ ಸಂಪಾದಕ ಕ್ಯಾಪ್ಟನ್ ಲಿಡ್‌ಗೇಟ್ ಪತ್ರ ಬರೆದಿದ್ದಾನೆ. ನಿವೃತ್ತ ಅಧಿಕಾರಿಗಳು ಒಬ್ಬರ ಹಿಂದೊಬ್ಬರು ತೀರಿಕೊಳ್ಳುತ್ತಿರುವುದರಿಂದ ನಿಧನವಾರ್ತೆ ಬರೆದು ಪೂರೈಸಲು ಆಗುತ್ತಿಲ್ಲವಂತೆ. ಅವಸರದಲ್ಲಿ ತಪ್ಪುಗಳೂ ಆಗುತ್ತಿವೆ. ಕಳೆದ ಸಂಚಿಕೆಯಲ್ಲಿ ಒಬ್ಬ ಕರ್ನಲ್ಲರ ಕುದುರೆಯ ಹೆಸರನ್ನು ಹೆಂಡತಿಯ ಹೆಸರೆಂದು ಅಚ್ಚು ಹಾಕಿದ್ದಾರೆ. ಹೆಂಡತಿ ಸಂಪಾದಕನ ಮನೆಗೇ ಬಂದಿದ್ದರಂತೆ. ಆದ್ದರಿಂದ ಎಪ್ಪತ್ತು ದಾಟಿದವರೆಲ್ಲ ತಮ್ಮ ನಿಧನವಾರ್ತೆಯನ್ನು ತಾವೇ ಬರೆದು, ಇನ್ನೂರು ಪದ ಮೀರದಂತೆ, ಆಗಸ್ಟ್ 31ರೊಳಗೆ ಕಳಿಸಬೇಕು. ‘ದಿನಾಂಕವನ್ನು ನಾವು ತುಂಬಿಕೊಳ್ಳುತ್ತೇವೆ’ ಎಂದಿದ್ದಾನೆ.

ಒಳ್ಳೆಯ ಏರ್ಪಾಡು. ಚಹಾದ ಹೊತ್ತಿಗೆ ಬರೆದು ಮುಗಿಸಿದೆ:

‘ಮೇಜರ್ ಎಡ್ಮಂಡ್ ಥರ್ಕೆಟಲ್, ರಾಯಲ್ ಆರ್ಟಿಲರಿ. ಜನನ 1886. ವುಲಿಚ್‌ನಲ್ಲಿ ತರಬೇತಿ. 1906ರಲ್ಲಿ ಫಿರಂಗಿದಳಕ್ಕೆ. ಮಾಲ್ಟಾ, ಫ್ರಾನ್ಸ್, ಈಜಿಪ್ಟ್. 1936ರಲ್ಲಿ ನಿವೃತ್ತಿ. 1940ರಲ್ಲಿ ಮತ್ತೆ ಕರೆ, ಕರಾವಳಿ ಫಿರಂಗಿ. ಅವಿವಾಹಿತ.’

ಇಪ್ಪತ್ತೆರಡು ಪದ. ನೂರ ಎಪ್ಪತ್ತೆಂಟು ಮಿಕ್ಕಿವೆ. ಅವುಗಳನ್ನು ಏನು ಮಾಡುವುದೋ ತಿಳಿಯದು.

ಪಕ್ಕದ ಮನೆಯ ಮಿಸೆಸ್ ಪಾಸ್ಕೋ ಪಿಯಾನೋ ನುಡಿಸುವುದನ್ನು ನಿಲ್ಲಿಸಿ ಮೂರು ವಾರವಾಯಿತು. ಫೆಬ್ರುವರಿಯಲ್ಲಿ ನಾನು ಬರೆದ ಚೀಟಿ ಕೊನೆಗೂ ನಾಟಿದೆ. ಪಿಯಾನೋ ಪಾಠ ಹೇಳುವ ವಿಧವೆಗೆ ಇದು ತ್ಯಾಗವೇ ಇರಬೇಕು. ಧನ್ಯವಾದ ಹೇಳಬಹುದಿತ್ತು. ಆದರೆ ಅದರಿಂದ ಮಾತು ಬೆಳೆದೀತು.

ಮೇ 4, ಶನಿವಾರ

ಗಾಳಿ ನೈಋತ್ಯ, ಸಾಧಾರಣ, ಬಿಟ್ಟು ಬಿಟ್ಟು.

ಈ ವರ್ಷದ ಮೊದಲ ರೇಸ್. ಹಾಯಿದೋಣಿ ಕ್ಲಬ್ಬಿನ ತೋಪು ನನ್ನ ಸುಪರ್ದಿಗೆ ಬಂದು ಇದು ಹನ್ನೊಂದನೆಯ ವರ್ಷ. ಹಿತ್ತಾಳೆಯದು, ಎರಡಡಿ ಉದ್ದ. ಗುಂಡಿಲ್ಲ, ಬರೀ ಮದ್ದು. ಆದರೂ ಕೊಲ್ಲಿಯ ಆಚೆ ದಡದ ಹಸುಗಳು ತಲೆಯೆತ್ತಿ ನೋಡುತ್ತವೆ. ಆಗಸ್ಟಾ ಎಂದು ನನ್ನ ಸೋದರತ್ತೆಯ ಹೆಸರನ್ನೇ ಇಟ್ಟಿದ್ದೇನೆ. ಅತ್ತೆಯ ದನಿ ಕೇಳಿದವರು ಕಾರಣ ಕೇಳುವುದಿಲ್ಲ.

ಕಾರ್ಯದರ್ಶಿ ಕಮಾಂಡರ್ ಟ್ರೆಲೋರ್, ನೌಕಾದಳದಿಂದ ನಿವೃತ್ತನಾದವನು, ಬಂಡೆಯ ಮೇಲಿನ ಮರದ ಗೂಡಿನಲ್ಲಿ ಗಡಿಯಾರ ಹಿಡಿದು ಕೂರುತ್ತಾನೆ. ನಾನು ಕೆಳಗೆ, ಸಮುದ್ರದ ತಡೆಗೋಡೆಯ ಮೇಲೆ, ಆಗಸ್ಟಾಳ ಪಕ್ಕ. ನಡುವೆ ನಾನೇ ಎಳೆದ ಟೆಲಿಫೋನ್ ತಂತಿ. ಅವನು ಹೇಳಿದಾಗ ನಾನು ಹಾರಿಸಬೇಕು. ಐದು ನಿಮಿಷ ಮೊದಲು ಎಚ್ಚರಿಕೆಗೆ ಒಮ್ಮೆ, ಆಮೇಲೆ ಹೊರಡುವುದಕ್ಕೆ. ಹೊರಡುವ ತೋಪಿನ ಬೆನ್ನಿಗೇ ಎರಡನೆಯದು ಹಾರಿದರೆ, ಯಾರೋ ಗೆರೆಯನ್ನು ಮೊದಲೇ ದಾಟಿದ್ದಾರೆ, ದೋಣಿಗಳೆಲ್ಲ ಹಿಂತಿರುಗಬೇಕು ಎಂದರ್ಥ. ಈ ಎರಡನೆಯ ತೋಪು ಎಂದರೆ ಕ್ಲಬ್ಬಿನಲ್ಲಿ ಯಾರಿಗೂ ಆಗದು.

ಇವತ್ತು ಎಲ್ಲ ಸರಿಯಾಗಿ ನಡೆಯಿತು. ಟ್ರೆಲೋರ್ ಈಚೆಗೆ ಫೋನಿನಲ್ಲಿ ಗೊಣಗುತ್ತಾನೆ. ವಯಸ್ಸಾಯಿತು ಅವನಿಗೆ.

ಮನೆಗೆ ಬರುವಾಗ ಗೇಟಿನ ಹತ್ತಿರ ಮಿಸೆಸ್ ಪಾಸ್ಕೋ ಏನೋ ಕೇಳಿದರು. ‘ಮೀನು’ ಎಂಬುದಷ್ಟೇ ಸ್ಪಷ್ಟವಾಯಿತು. ‘ಖಂಡಿತ, ಸಂತೋಷ’ ಎಂದೆ. ಈ ಎರಡು ಮಾತು ಸಾಧಾರಣವಾಗಿ ಎಲ್ಲದಕ್ಕೂ ಸಾಕಾಗುತ್ತವೆ.

ಮೇ 5, ಭಾನುವಾರ

ಗಾಳಿ ನೈಋತ್ಯ.

ಸಾಕಾಗಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಮಿಸೆಸ್ ಪಾಸ್ಕೋ ಒಂದು ಬುಟ್ಟಿ ತಂದು ಬಾಗಿಲೊಳಗೆ ಇಟ್ಟರು. ಬುಟ್ಟಿಯಲ್ಲಿ ಬೆಕ್ಕು.

‘ಒಂದು ವಾರ ಅಷ್ಟೇ ಮೇಜರ್. ಅಕ್ಕನ ಮನೆಗೆ ಹೋಗಿ ಬಂದ್ಬಿಡ್ತೀನಿ. ದಿನಾ ಒಂದು ಮೀನು ಹಾಕಿದ್ರೆ ಸಾಕು, ತಲೆ ತೆಗೆದು ಹಾಕಿ. ಬಿಷಪ್‌ಗೆ ಮೀನಿನ ಕಣ್ಣು ಕಂಡ್ರೆ ಆಗಲ್ಲ.’

‘ಬೆಕ್ಕನ್ನು ಇಟ್ಟುಕೊಳ್ಳುತ್ತೇನೆಂದು ನಾನು...’

‘ಖಂಡಿತ, ಸಂತೋಷ ಅಂದ್ರಲ್ಲ ನಿನ್ನೆ! ನಂಗಂತೂ ಆಶ್ಚರ್ಯ ಆಯ್ತು. ಎಷ್ಟೇ ಆಗ್ಲಿ ಇವರೂ ಮನುಷ್ಯರೇ ಅಂದ್ಕೊಂಡೆ.’

ಬಿಷಪ್ ಎಂಬುದು ಬೆಕ್ಕಿನ ಹೆಸರು. ದಪ್ಪ, ಬೂದು ಬಣ್ಣ, ಎಡಗಿವಿ ಹರಿದಿದೆ. ನನ್ನ ಕುರ್ಚಿಯಲ್ಲಿ ಕುಳಿತಿದೆ.

ಮೇ 18, ಶನಿವಾರ

ಗಾಳಿ ದಕ್ಷಿಣ, ಮಂದ.

ಮಿಸೆಸ್ ಪಾಸ್ಕೋ ಮರಳಿ ಬಂದು ಐದು ದಿನವಾಯಿತು. ಬಿಷಪ್ ಅವರ ಮನೆಗೆ ಹೋಗಿ, ತಿಂದು, ಮಧ್ಯಾಹ್ನಕ್ಕೆ ಇಲ್ಲಿಗೆ ಬರುತ್ತದೆ. ಇದನ್ನು ನಾನು ಪ್ರೋತ್ಸಾಹಿಸಿಲ್ಲ. ಮೀನು ಬರೀ ಉಳಿಕೆಯದು.

ಲಿಡ್‌ಗೇಟನ ನೂರ ಎಪ್ಪತ್ತೆಂಟು ಪದಗಳನ್ನು ನೆನೆದು ಒಂದು ಉಪಯುಕ್ತ ವಿಷಯ ಸೇರಿಸೋಣ ಎನಿಸಿತು. ಕಿರಿಯರಿಗೆ ಪಾಠವಾದೀತು. ನಮ್ಮ ದಳದಲ್ಲಿ ‘ರಿಪೀಟ್’ ಎಂಬುದು ಮಾತಲ್ಲ, ಅಪ್ಪಣೆ. ಅದೇ ತೋಪು, ಅದೇ ಗುರಿ, ಅದೇ ಮದ್ದು, ಇನ್ನೊಮ್ಮೆ ಹಾರಿಸು ಎಂದು. ಕೇಳಿಸದೇ ಹೋದರೆ ‘ಇನ್ನೊಮ್ಮೆ ಹೇಳಿ’ ಎನ್ನಬೇಕು, ರಿಪೀಟ್ ಎನ್ನಲೇಬಾರದು. 1917ರಲ್ಲಿ ಫ್ರಾನ್ಸಿನಲ್ಲಿ ಒಬ್ಬ ಅಧಿಕಾರಿ ಇದನ್ನು ಮರೆತದ್ದರಿಂದ ಧಾನ್ಯ ತುಂಬುವ ಒಂದು ಕಣಜದ ಮನೆಗೆ ಎರಡು ಸಲ ಗುಂಡು ಬಿತ್ತು. ಸತ್ತವರಿಲ್ಲ. ಆ ಅಧಿಕಾರಿ ಆಮೇಲೆ ಮೇಜರ್ ಹುದ್ದೆಗಿಂತ ಮೇಲೆ ಏರಲಿಲ್ಲ.

ಬರೆದು ಹೊಡೆದು ಹಾಕಿದೆ. ಅದು ನಿಧನವಾರ್ತೆಗೆ ಸೇರುವ ಸಂಗತಿಯಲ್ಲ.

ಅಂದಿನಿಂದ ಆ ಪದವನ್ನು ಗುಂಡಿನ ಅಗತ್ಯವಿಲ್ಲದೆ ನಾನು ಬಾಯಿಗೆ ತಂದಿಲ್ಲ. ಈಚೆಗೆ ಈ ಊರಿನಲ್ಲಿ ‘ಇನ್ನೊಮ್ಮೆ ಹೇಳಿ’ ಎನ್ನುವುದನ್ನೂ ಬಿಟ್ಟಿದ್ದೇನೆ. ದಿನಕ್ಕೆ ಮೂರು ಸಲ ಅಂದರೆ ಜನ ಒಂದು ಥರ ನೋಡುತ್ತಾರೆ.

ಜೂನ್ 8, ಶನಿವಾರ

ಗಾಳಿ ಪಶ್ಚಿಮ, ಬಿರುಸು.

ಹದಿನಾರು ದೋಣಿಗಳು ಗೆರೆಯ ಹಿಂದೆ ಕಾದಿದ್ದವು. ಐದು ನಿಮಿಷದ ತೋಪು, ಸರಿ. ಹೊರಡುವ ತೋಪು, ಸರಿ. ದೋಣಿಗಳು ಒಂದೇ ಸಾಲಾಗಿ ಹೊರಟವು. ನನ್ನ ಹನ್ನೊಂದು ವರ್ಷದಲ್ಲಿ ಅಷ್ಟು ಚೆಂದದ ಹೊರಡುವಿಕೆ ನೋಡಿಲ್ಲ. ಆಗ ಫೋನಿನಲ್ಲಿ ಟ್ರೆಲೋರ್ ಏನೋ ಗೊಣಗಿದ, ‘ರಿಪೀಟ್’ ಅಂದ, ಮತ್ತೆ ಗೊಣಗಿದ.

ತುಂಬಿದೆ. ಹಾರಿಸಿದೆ. ಹನ್ನೊಂದು ಸೆಕೆಂಡು, ನನ್ನ ವಯಸ್ಸಿಗೆ ಉತ್ತಮ.

ಹದಿನಾರೂ ಒಟ್ಟಿಗೆ ಹಿಂದಕ್ಕೆ ತಿರುಗಿದವು. ಜಾಗ ಎಂಟಕ್ಕಷ್ಟೇ ಇತ್ತು.

ಜೂನ್ 9, ಭಾನುವಾರ

ಗಾಳಿ ಪಶ್ಚಿಮ.

ಚರ್ಚಿನಿಂದ ಬರುವ ದಾರಿಯಲ್ಲಿ ಟ್ರೆಲೋರ್ ಅಡ್ಡಹಾಕಿದ. ಮುಖ ಕೆಂಪಗಿತ್ತು. ನಡೆದ ಮಾತನ್ನು ಇದ್ದಂತೆಯೇ ಬರೆಯುತ್ತೇನೆ.

‘ಏನಯ್ಯಾ ಥರ್ಕೆಟಲ್, ಹುಚ್ಚು ಹಿಡೀತಾ ನಿಂಗೆ? ಎರಡನೇದು ಯಾಕಯ್ಯಾ ಹೊಡ್ದೆ?’

‘ನೀನು ರಿಪೀಟ್ ಅಂದೆ.’

‘ಯಾರೂ ಮೊದಲೇ ದಾಟಿಲ್ಲ, ರಿಪೀಟ್, ಯಾರೂ ದಾಟಿಲ್ಲ ಅಂದೆ! ನನ್ನ ಮಾತನ್ನ ನಾನೇ ಎರಡು ಸಲ ಹೇಳಿದ್ದು ಕಣಯ್ಯಾ!’

‘ಫಿರಂಗಿದಳದಲ್ಲಿ ರಿಪೀಟ್ ಅಂದರೆ ಗುಂಡು.’

‘ಇದು ನಿನ್ನ ಫಿರಂಗಿದಳ ಅಲ್ಲ, ದೋಣಿ ಕ್ಲಬ್ಬು! ಪಾದ್ರಿಯವರ ದೋಣಿಯ ಮೂತಿ ಡಾಕ್ಟರ ದೋಣಿಯ ಹೊಟ್ಟೆಯೊಳಗೆ ಇದೆ. ಇನ್ನೂ ಬಿಡಿಸೋಕ್ಕಾಗಿಲ್ಲ.’

ತಾಂತ್ರಿಕವಾಗಿ ನನ್ನದೇ ಸರಿ ಎಂದು ವಿವರಿಸಿದೆ. ಅವನು ಹತ್ತಿರ ಬಂದ. ಆಮೇಲೆ ಮೆಲ್ಲಗೆ ಕೇಳಿದ, ‘ಸರಿ. ರಿಪೀಟ್ ಅನ್ನೋದಕ್ಕೆ ಮುಂಚೆ ನಾನು ಏನಂದೆ, ನಿನಗೆ ಕೇಳಿಸ್ತಾ?’

ನಾನು ಸಮುದ್ರ ನೋಡಿದೆ.

ಅವನು ಮತ್ತೆ ಕೂಗಾಡಿದ್ದರೆ ಚೆನ್ನಾಗಿತ್ತು. ‘ಛೆ, ಎಡ್ಮಂಡ್’ ಎಂದ. ಮೂವತ್ತು ವರ್ಷದ ಪರಿಚಯದಲ್ಲಿ ಅವನು ಆ ಹೆಸರಿನಿಂದ ಕರೆದದ್ದು ಇದೇ ಮೊದಲು.

ಜೂನ್ 12, ಬುಧವಾರ

ಸಮಿತಿಯ ಪತ್ರ ಬಂತು. ಜುಲೈ 27ರ ದೊಡ್ಡ ರೇಸಿನಲ್ಲಿ ನನಗೆ ಕೊನೆಯ ಅವಕಾಶ. ಅಲ್ಲಿಯವರೆಗೆ ಸೀಟಿ ಊದುತ್ತಾರೆ. ಅಂದು ಏನಾದರೂ ತಪ್ಪಿದರೆ ವಿದ್ಯುತ್ ಸೈರನ್ ತರಿಸಿ, ಆಗಸ್ಟಾಳನ್ನು ಕ್ಲಬ್ಬಿನ ಬಾಗಿಲ ಮುಂದೆ ನಿಲ್ಲಿಸಿ ಬಾಯಲ್ಲಿ ಜೆರೇನಿಯಂ ಗಿಡ ನೆಡುತ್ತಾರಂತೆ.

ಜೆರೇನಿಯಂ.

ಜೂನ್ 15, ಶನಿವಾರ

ಸೀಟಿ ಊದಿದರಂತೆ. ನನಗೆ ಕೇಳಿಸಲಿಲ್ಲ. ಗಾಳಿ ಆ ಕಡೆಗಿತ್ತು.

ಜೂನ್ 17, ಸೋಮವಾರ

ಗಾಳಿ ಆಗ್ನೇಯ, ಮಂದ.

ಮಿಸೆಸ್ ಪಾಸ್ಕೋ ಬಿಷಪ್‌ನನ್ನು ಹುಡುಕಿಕೊಂಡು ಬಂದರು. ಅದು ನನ್ನ ತೊಡೆಯ ಮೇಲಿತ್ತು. ಸಭ್ಯತೆಗಾಗಿ, ಪಿಯಾನೋ ನಿಲ್ಲಿಸಿದ್ದಕ್ಕೆ ಕೊನೆಗೂ ಧನ್ಯವಾದ ಹೇಳಿದೆ.

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಹತ್ತಿರ ಬಂದು ನಿಧಾನವಾಗಿ, ಆದರೆ ಕೂಗದೆ, ಹೇಳಿದರು: ‘ನಾನು ಒಂದು ದಿನಾನೂ ನಿಲ್ಲಿಸಿಲ್ಲ ಮೇಜರ್. ಈ ತಿಂಗಳು ಮೂರು ಜನ ಹೊಸಬರು ಸೇರಿದ್ದಾರೆ. ಮೂವರಿಗೂ ತಾಳ ಅನ್ನೋದೇ ಇಲ್ಲ. ಪಕ್ಕದ ಮನೆ ಮೇಜರ್ ಎಷ್ಟು ಒಳ್ಳೆಯವರು, ಫೆಬ್ರುವರಿ ಆದ್ಮೇಲೆ ಒಂದು ಚೀಟೀನೂ ಬರಲಿಲ್ಲ ಅಂತ ಊರಿಗೆಲ್ಲಾ ಹೇಳ್ಕೊಂಡು ಬಂದೆ.’

ಅದು ಸಾಧ್ಯವಿಲ್ಲವೆಂದೆ. ಪರಿಶೀಲಿಸುವೆನೆಂದೂ ಹೇಳಿದೆ.

ಜೂನ್ 18, ಮಂಗಳವಾರ

ನಾಲ್ಕರಿಂದ ಐದರವರೆಗೆ ಊಟದ ಕೋಣೆಯ ಗೋಡೆಗೆ ಅಂಗೈ ಇಟ್ಟು ನಿಂತೆ. ಗೋಡೆ ನಡುಗುತ್ತಿತ್ತು. ನೆಲಕ್ಕೆ ಕೈಯಿಟ್ಟರೆ ದೂರದ ಫಿರಂಗಿ ಗೊತ್ತಾಗುತ್ತದಲ್ಲ, ಹಾಗೆ. ನಾಲ್ಕು ನಡುಕ, ಒಂದು ಬಿಡುವು, ಮತ್ತೆ ನಾಲ್ಕು. ನಾಲ್ಕೂ ಮೂವತ್ತೈದಕ್ಕೆ ಯಾರೋ ತಪ್ಪಿದರು. ಮೊದಲಿನಿಂದ ಶುರು ಮಾಡಿದರು.

ಪರಿಶೀಲನೆ ಮುಗಿಯಿತು. ಆದರೂ ಐದೂಕಾಲರವರೆಗೆ ನಿಂತಿದ್ದೆ.

ಜೂನ್ 21, ಶುಕ್ರವಾರ

ಗಾಳಿ ಪಶ್ಚಿಮ.

ಮಿಸೆಸ್ ಪಾಸ್ಕೋ ಒಂದು ಸಲಹೆ ತಂದರು. ನೇರವಾಗಿ ಒಳಗೆ ಬಂದು, ಬಿಷಪ್‌ನನ್ನು ಎತ್ತಿ ಕೆಳಗಿಟ್ಟು, ನನ್ನ ಕುರ್ಚಿಯಲ್ಲಿ ಕುಳಿತರು.

‘ಆ ಜೆರೇನಿಯಂ ವಿಷಯ ಕೇಳಿದೆ. ನಾನು ಫೋನ್ ಹಿಡ್ಕೋತೀನಿ. ನೀವು ನನ್ನ ಕೈ ನೋಡಿ. ಅಷ್ಟೇ.’

‘ತೋಪು ಹಾರಿಸುವುದು ಗಡಿಯಾರದ ಕೆಲಸ, ಮಿಸೆಸ್ ಪಾಸ್ಕೋ. ಅರ್ಧ ಸೆಕೆಂಡು ಆಚೆ ಈಚೆ ಆದರೂ...’

‘ಮೂವತ್ತು ವರ್ಷದಿಂದ ತಾಳ ಎಣಿಸ್ತಾ ಕೂತಿದ್ದೀನಿ ಮೇಜರ್. ಅರ್ಧ ಸೆಕೆಂಡಿನ ವಿಷಯ ನನಗೆ ಹೇಳ್ಬೇಡಿ.’

ನನಗೆ ಇನ್ನೊಬ್ಬರ ಸಹಾಯದ ಅಗತ್ಯವಿಲ್ಲವೆಂದು ಸ್ಪಷ್ಟಪಡಿಸಿದೆ. ಸೋಮವಾರ ಮೂರಕ್ಕೆ ತಡೆಗೋಡೆಯ ಹತ್ತಿರ ಸೇರುವುದೆಂದು ತೀರ್ಮಾನವಾಯಿತು.

ಜೂನ್ 24, ಸೋಮವಾರ

ಗಾಳಿ ನೈಋತ್ಯ. ಮದ್ದಿಲ್ಲದೆ ಅಭ್ಯಾಸ.

ಕೈ ಎತ್ತಿದರೆ ಸಿದ್ಧ. ಕೈ ಇಳಿಸಿದರೆ ಹಾರಿಸು. ಕೈ ಬೆನ್ನ ಹಿಂದೆ ಇಟ್ಟರೆ ಏನೂ ಇಲ್ಲ. ಎರಡು ಸಲ ಹೇಳಿಕೊಟ್ಟೆ, ಮೂರನೆಯದು ಬೇಕಾಗಲಿಲ್ಲ. ಇವರು ಕೈ ಇಳಿಸುವುದರಲ್ಲಿ ಹಿಂಜರಿಕೆ ಎಂಬುದೇ ಇಲ್ಲ. ಇಂಥವರು ಇಬ್ಬರು 1916ರಲ್ಲಿ ನನ್ನ ಫಿರಂಗಿ ತುಕಡಿಯಲ್ಲಿದ್ದಿದ್ದರೆ ಎಂದುಕೊಂಡೆ.

‘ರಿಪೀಟ್’ನ ಅರ್ಥವನ್ನೂ ತಿಳಿಸಿದೆ. ಮುಂದೆ ಅದನ್ನು ಸುಮ್ಮಸುಮ್ಮನೆ ಬಳಸಕೂಡದೆಂದು ಎಚ್ಚರಿಸಿದೆ.

‘ಅಯ್ಯೋ, ಪಾಠದಲ್ಲಿ ದಿನಕ್ಕೆ ನೂರು ಸಲ ಅಂತೀನಲ್ಲ!’

‘ಅಲ್ಲಿ ಬೇರೆ. ನನ್ನ ಹತ್ತಿರ ಬೇಡ.’

‘ನಿಮ್ಮ ಹತ್ತಿರ ಅಂದ್ರೆ ನಿಜವಾಗ್ಲೂ ಗುಂಡು ಬೇಕಾದಾಗ್ಲೇ ಅನ್ನೋದು. ಆಯ್ತು. ಮಾತು ಕೊಟ್ಟೆ.’

ಜುಲೈ 5, ಶುಕ್ರವಾರ

ಅಭ್ಯಾಸದ ನಂತರ ಚಹಾ, ಅವರ ಮನೆಯಲ್ಲಿ. ಕೇಸರಿ ಹಾಕಿದ ಬನ್. ಲಿಡ್‌ಗೇಟನ ಕೋರಿಕೆಯ ವಿಷಯ ಬಂದು ನನ್ನ ಇಪ್ಪತ್ತೆರಡು ಪದಗಳನ್ನು ತೋರಿಸಿದೆ. ಅವರು ಓದಿ, ಹಾಳೆಯ ಹಿಂಬದಿಯನ್ನೂ ತಿರುಗಿಸಿ ನೋಡಿದರು.

‘ಇದು ಸತ್ತವರ ಸುದ್ದಿಯಲ್ಲ ಮೇಜರ್, ರೈಲಿನ ವೇಳಾಪಟ್ಟಿ. ಇದರಲ್ಲಿ ನೀವೆಲ್ಲಿದ್ದೀರಿ?’

‘ಮೊದಲ ಸಾಲಿನಲ್ಲಿ ಹೆಸರಿದೆ.’

ಅವರು ನಗಾಡಿದರು. ನಗು ನನಗೆ ಕೇಳಿಸಿತು. ಎದುರಿಗೇ ಕುಳಿತಿದ್ದರಿಂದ ಇರಬೇಕು.

ಆಮೇಲೆ, ಯಾಕೋ ಗೊತ್ತಿಲ್ಲ, ಕಣಜದ ಮನೆಯ ಸಂಗತಿ ಹೇಳಿದೆ. ಆ ಅಧಿಕಾರಿ ನಾನೇ ಎಂದು. ಮೊದಲ ಗುಂಡು ಗುರಿ ತಪ್ಪಿ ನಮ್ಮದೇ ಜನರಲ್ ಸಾಹೇಬರು ಬೀಡುಬಿಟ್ಟಿದ್ದ ಕಣಜದ ಗೋಡೆಗೆ ಬಿತ್ತು. ಸಾಹೇಬರು ಸ್ನಾನದಲ್ಲಿದ್ದರು. ಟವೆಲ್ ಸುತ್ತಿಕೊಂಡು ಹೊರಗೆ ಓಡಿ ಬಂದರು. ‘ತಪ್ಪಾಗಿದೆ, ನಿಲ್ಲಿಸಿ’ ಎಂದು ಫೋನಿನಲ್ಲಿ ಯಾರೋ ಕೂಗುತ್ತಿದ್ದರು. ತಂತಿ ಗರಗರ ಎನ್ನುತ್ತಿತ್ತು, ನನಗೆ ಕೇಳಿಸಲಿಲ್ಲ. ‘ರಿಪೀಟ್?’ ಎಂದೆ. ತೋಪಿನ ಬಳಿಯಿದ್ದವರು ಅಪ್ಪಣೆಯೆಂದು ತಿಳಿದರು. ಎರಡನೆಯ ಗುಂಡು ನೇರವಾಗಿ ಅವರ ತಾಮ್ರದ ಸ್ನಾನದ ತೊಟ್ಟಿಗೆ ಬಿತ್ತು. ಅಂಥ ನಿಖರವಾದ ಹೊಡೆತ ಆ ಯುದ್ಧದಲ್ಲಿ ನಾನು ಮತ್ತೆ ಹೊಡೆಯಲಿಲ್ಲ.

ನಲವತ್ತು ವರ್ಷದಿಂದ ಯಾರಿಗೂ ಹೇಳಿರಲಿಲ್ಲ. ಮಿಸೆಸ್ ಪಾಸ್ಕೋಗೆ ಬನ್ ಗಂಟಲಿಗೆ ಸಿಕ್ಕಿಕೊಂಡಿತು. ಬೆನ್ನು ತಟ್ಟಬೇಕಾಯಿತು.

‘ಇದನ್ನ ಬರೀರಿ’ ಎಂದರು ಉಸಿರು ಬಂದ ಮೇಲೆ. ‘ಆ ಕೊನೇ ಪದ ಇದೆಯಲ್ಲ, ಅದನ್ನ ತೆಗೆದು ಇದನ್ನ ಹಾಕಿ.’

ಕೊನೆಯ ಪದ ಯಾವುದೆಂದು ಮನೆಗೆ ಬಂದು ನೋಡಿದೆ. ‘ಅವಿವಾಹಿತ’. ಅದು ವಾಸ್ತವಾಂಶ. ತೆಗೆಯಲು ಬರುವುದಿಲ್ಲ.

ಜುಲೈ 26, ಶುಕ್ರವಾರ

ನಾಳೆ. ಆಗಸ್ಟಾಳನ್ನು ಎರಡು ಸಲ ಉಜ್ಜಿದೆ. ಮಿಸೆಸ್ ಪಾಸ್ಕೋ ಬಂದು ಮೂರನೆಯ ಸಲ ಉಜ್ಜಿದರು. ಅವಳ ಬಾಯಲ್ಲಿ ಜೆರೇನಿಯಂ ಇರುವಂತೆ ಕನಸು ಬಿದ್ದಿತ್ತು ಎಂದು ಹೇಳಿದೆ. ‘ಬಣ್ಣ ಯಾವುದು?’ ಎಂದು ಕೇಳಿದರು. ಗುಲಾಬಿ. ‘ಥೂ’ ಎಂದರು.

ಜುಲೈ 27, ಶನಿವಾರ

ಗಾಳಿ ಪಶ್ಚಿಮ, ಬಿರುಸು, ಜೂನ್ 8ರಂತೆಯೇ.

ಇಪ್ಪತ್ತಮೂರು ದೋಣಿಗಳು. ತಡೆಗೋಡೆಯುದ್ದಕ್ಕೂ ಜನ. ರೇಸ್ ನೋಡಲು ಬಂದವರು ಕಡಿಮೆ, ನನ್ನನ್ನು ನೋಡಲು ಬಂದವರು ಹೆಚ್ಚು. ಮಿಸೆಸ್ ಪಾಸ್ಕೋ ನೀಲಿ ಟೋಪಿಯನ್ನು ಕರವಸ್ತ್ರದಿಂದ ಗಲ್ಲಕ್ಕೆ ಕಟ್ಟಿಕೊಂಡು, ಫೋನು ಕಿವಿಗಿಟ್ಟುಕೊಂಡು ನಿಂತರು.

ಕೈ ಎತ್ತಿದರು. ಇಳಿಸಿದರು. ಐದು ನಿಮಿಷದ ತೋಪು.

ಕೈ ಎತ್ತಿದರು. ಇಳಿಸಿದರು. ಹೊರಡುವ ತೋಪು.

ರೂಢಿಯಂತೆ ಕೂಡಲೇ ಮತ್ತೆ ತುಂಬಿದೆ. ಅವರ ಕೈ ನೋಡಿದೆ. ಕೈ ಬೆನ್ನ ಹಿಂದೆ ಇಡುತ್ತಾರೆಂದು ಕಾದೆ. ಅವರು ಇಡಲಿಲ್ಲ. ಕೈ ಮೇಲಕ್ಕೆ ಹೋಯಿತು.

ಎರಡನೆಯದು! ಎಲ್ಲರೆದುರು, ಈ ದಿನವೇ. ಫೋನು ಕಸಿದು ನಾನೇ ಕೇಳೋಣವೆನಿಸಿತು. ಕೇಳಿದರೂ ಕೇಳಿಸುತ್ತಿರಲಿಲ್ಲ. ಅವರು ನನ್ನ ಕಣ್ಣನ್ನೇ ನೋಡುತ್ತಿದ್ದರು. ಕೈ ಇಳಿಯಿತು.

ಹಾರಿಸಿದೆ.

ಜನ ‘ಅಯ್ಯೋ’ ಎಂದದ್ದು ಮುಖಗಳಿಂದಲೇ ತಿಳಿಯಿತು. ಆಮೇಲೆ ಗೂಡಿನ ಮೇಲೆ ಹಿಂತಿರುಗಿ ಎಂಬ ಬಾವುಟ ಏರಿತು. ನಾಲ್ಕು ದೋಣಿಗಳು ಗೆರೆಯನ್ನು ಮೊದಲೇ ದಾಟಿದ್ದವು. ಇಪ್ಪತ್ತಮೂರೂ ಅಚ್ಚುಕಟ್ಟಾಗಿ ಹಿಂತಿರುಗಿದವು.

ಟ್ರೆಲೋರ್ ಏದುಸಿರು ಬಿಡುತ್ತಾ ಕೆಳಗಿಳಿದು ಬಂದ. ‘ಆರು ಸೆಕೆಂಡು ಕಣಯ್ಯಾ! ನಾನು ಬಾಯಿ ಮುಚ್ಚೋದರೊಳಗೆ ಹೊಡ್ದೆ! ಏನು, ಕಿವಿ ವಾಪಸ್ ಬಂತಾ?’

ಮಿಸೆಸ್ ಪಾಸ್ಕೋ ಟೋಪಿ ಬಿಚ್ಚುತ್ತಾ ಹೇಳಿಬಿಟ್ಟರು: ‘ಬಂತು ಕಮಾಂಡರ್. ಇಲ್ಲೇ ನಿಂತಿದೆ ನೋಡಿ.’

ಸಮಿತಿಯವರೆಲ್ಲ ಅಲ್ಲೇ ಇದ್ದರು. ಇಷ್ಟು ದಿನ ಮುಚ್ಚಿಟ್ಟಿದ್ದು ಒಂದು ಮಾತಿನಲ್ಲಿ ಬಯಲಾಯಿತು. ಸಿಟ್ಟು ಬರಬೇಕಿತ್ತು. ಬರುತ್ತದೇನೋ ಎಂದು ಸ್ವಲ್ಪ ಹೊತ್ತು ಕಾದೆ.

ಅಧ್ಯಕ್ಷರು ಕೆಮ್ಮಿ, ತೋಪಿನ ಅಧಿಕಾರಿ ಒಬ್ಬರೇ ಇರಬೇಕೆಂದು ನಿಯಮವಿದೆ ಎಂದರಂತೆ. (ಮಿಸೆಸ್ ಪಾಸ್ಕೋ ಆಮೇಲೆ ಹೇಳಿದ್ದು.) ಟ್ರೆಲೋರ್, ‘ನಿಯಮ ನಾನೇ ಬರೆದಿದ್ದು, ನಾನೇ ತಿದ್ತೀನಿ. ಒಬ್ಬರ ಕಿವಿ, ಒಬ್ಬರ ಕೈ. ಲೆಕ್ಕಕ್ಕೆ ಒಬ್ಬರೇ’ ಎಂದನಂತೆ. ಕ್ಲಬ್ಬಿನ ಪುಸ್ತಕದಲ್ಲಿ ಈಗ ಎರಡೂ ಹೆಸರಿವೆ, ಒಂದೇ ಸಾಲಿನಲ್ಲಿ.

ಆಗಸ್ಟ್ 14, ಬುಧವಾರ

ಲಿಡ್‌ಗೇಟ್ ನೆನಪೋಲೆ ಕಳಿಸಿದ್ದಾನೆ. ಕರಡು ಈಗ ನೂರ ತೊಂಬತ್ತನಾಲ್ಕು ಪದ. ತೊಟ್ಟಿ ಇದೆ, ಆಗಸ್ಟಾ ಇದ್ದಾಳೆ, ಬಿಷಪ್ ಇದ್ದಾನೆ. ಈಜಿಪ್ಟನ್ನು ಕೈಬಿಡಬೇಕಾಯಿತು.

ಕೊನೆಯ ಪದ ‘ಅವಿವಾಹಿತ’ ಮಾತ್ರ ಹಾಗೇ ಇದೆ. ಅದರ ಮೇಲೆ ಬಿಷಪ್ ಕಾಲಿಟ್ಟು ಮಸಿ ಕದಡಿದ್ದಾನೆ. ಮತ್ತೆ ಬರೆಯಲು ಹೋಗಿಲ್ಲ.

ಸಂಜೆ ನಾಲ್ಕರಿಂದ ಐದು ಗೋಡೆಯ ಹತ್ತಿರ. ಹೊಸಬರಲ್ಲಿ ಒಬ್ಬರಿಗೆ ತಾಳ ಬಂದಿದೆ.

ಆಗಸ್ಟ್ 31, ಶನಿವಾರ

ಈ ವರ್ಷದ ಕೊನೆಯ ರೇಸ್. ಎರಡು ತೋಪು, ಎರಡೂ ಸರಿ. ಜನ ಹೋದ ಮೇಲೆ ನಾನೂ ರೋವೆನಾ ಪಾಸ್ಕೋ ಅವರೂ ಆಗಸ್ಟಾಳ ನಳಿಗೆಯನ್ನು ಉಜ್ಜಿ ಮುಗಿಸಿದ್ದೆವು. ಚಳಿಗಾಲಕ್ಕೆ ಹೊದಿಸುವ ಗೋಣಿಬಟ್ಟೆಯ ಒಂದೊಂದು ತುದಿ ಒಬ್ಬೊಬ್ಬರ ಕೈಯಲ್ಲಿತ್ತು.

ಲಿಡ್‌ಗೇಟನ ಗಡುವು ಇವತ್ತೇ ಎಂದು ಅವರು ನೆನಪಿಸಿದರು. ಕಳಿಸಿಲ್ಲವೆಂದೆ. ಯಾಕೆಂದು ಕೇಳಿದರು. ಕೊನೆಯ ಪದದ ಬಗ್ಗೆ ಸಂದೇಹವಿದೆ ಎಂದೆ. ಏನು ಸಂದೇಹ ಎಂದರು. ಗೋಣಿಬಟ್ಟೆಯನ್ನೇ ನೋಡುತ್ತಾ, ಆ ಪದ ವಾಸ್ತವಾಂಶವಾಗಿ ಉಳಿಯುವುದೂ ಬಿಡುವುದೂ ಅವರ ಕೈಯಲ್ಲಿದೆ ಎಂದು ಹೇಳಿದೆ. ದನಿ ತೀರ ಮೆಲ್ಲಗಿತ್ತು. ನನಗೇ ಕೇಳಿಸಲಿಲ್ಲ.

ತಲೆಯೆತ್ತಿ ನೋಡಿದೆ. ಅವರು ಬಟ್ಟೆಯ ತುದಿ ಬಿಟ್ಟು, ನನಗೆ ತುಟಿ ಕಾಣುವಂತೆ ಎದುರಿಗೆ ಬಂದು ನಿಂತಿದ್ದರು.

‘ರಿಪೀಟ್’ ಎಂದರು.

ಪಾಪ, ಅವರಿಗೂ ಕೇಳಿಸಲಿಲ್ಲವೆಂದುಕೊಂಡೆ. ಇನ್ನೊಮ್ಮೆ ಹೇಳಿ ಎನ್ನಬೇಕಿತ್ತು, ಎಷ್ಟು ಸಲ ಕಲಿಸಿದ್ದೇನೆ ಎಂದು ತಿದ್ದಲು ಬಾಯಿ ತೆರೆದೆ. ಆಗ ಅವರ ಕೈ ಕಂಡಿತು. ಮೇಲೆತ್ತಿ ಹಿಡಿದಿದ್ದರು. ನಾನು ನೋಡುತ್ತಿದ್ದಂತೆ ಕೆಳಗಿಳಿಸಿದರು, ಹಿಂಜರಿಕೆಯಿಲ್ಲದೆ.

ಹೇಳಿದೆ. ಅದೇ ಗುರಿ, ಅದೇ ಮದ್ದು. ಈ ಸಲ ಬಂಡೆಯ ಮೇಲಿನ ಗೂಡಿನಿಂದ ಟ್ರೆಲೋರ್ ತಲೆ ಹೊರಹಾಕಿ ನೋಡಿದ. ಅಷ್ಟು ಜೋರಾಗಿತ್ತಂತೆ.

ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತೋ, ಗಮನಿಸಲಿಲ್ಲ.